ನೆಟ್‌ವರ್ಕ್ ಇಲ್ಲದಿದ್ದರೆ ಆ್ಯಪ್‌ನಲ್ಲಿ ದೂರು ಕೊಡಿ

ಮಳೆಗಾಲ ಬಂತೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಹೊಳೆಸಾಲಿನ ಊರುಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ. ಪ್ರವಾಹ ಬಂದರೆ ಗಾಬರಿಯಾಗಬೇಡಿ, ಜಿಲ್ಲಾ ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ಆಯ್ತಪ್ಪ, ಮಾಡೋಣ. ಯಾವ ನೆಟ್‌ವರ್ಕಿನಿಂದ?

ಮುಧೋಳದ ಕಡೆ ಘಟಪ್ರಭಾ ಏರಿದರೆ ಮೊದಲು ಹೋಗೋದು ಕರೆಂಟು. ಟವರಿನ ಬ್ಯಾಟರಿ ಒಂದಿಷ್ಟು ಹೊತ್ತು ಜೀವ ಹಿಡಿದುಕೊಂಡಿರುತ್ತದೆ. ಆಮೇಲೆ ಜನರೇಟರ್ ಸರದಿ. ಜನರೇಟರ್ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ದೊಡ್ಡ ಕಬ್ಬಿಣದ ಡಬ್ಬಿ ಇದೆ, ಅದಕ್ಕೊಂದು ಬೀಗ, ಸುತ್ತ ತಂತಿಬೇಲಿ, ಬೇಲಿ ಮೇಲೆ ಯಾರೋ ಒಣಹಾಕಿದ ಸೀರೆ. ಡೀಸೆಲ್ ಮಾತ್ರ ಪೇಟೆಯಲ್ಲಿ, ಪೇಟೆಗೂ ಊರಿಗೂ ನಡುವೆ ಸೇತುವೆ, ಸೇತುವೆ ನೀರಿನಡಿ. ಬೀಗದ ಕೈ ಇಟ್ಟುಕೊಂಡ ಹುಡುಗನಿಗೆ ಒಂದು ಫೋನ್ ಹಚ್ಚೋಣ ಅಂದ್ರೆ... ಗೊತ್ತಾಯ್ತಲ್ವಾ.

ನಾವೂ ಕಮ್ಮಿ ಜಾಣರಲ್ಲ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ ಎರಡು ಕಂಪನಿಯ ಸಿಮ್ ಹಾಕಿಕೊಂಡಿದ್ದೇವೆ. ಆದರೆ ಎಷ್ಟೋ ಕಡೆ ಎರಡೂ ಕಂಪನಿಯ ಆಂಟೆನಾ ಒಂದೇ ಟವರಿನ ಮೇಲೆ, ಅದೇ ಜನರೇಟರಿನ ಭರವಸೆಯಲ್ಲಿ. ಗಂಡ ಹೆಂಡತಿ ಜಾತ್ರೆಗೆ ಹೊರಟಂತೆ ಜೋಡಿಯಾಗಿಯೇ ಹೋಗುತ್ತವೆ. ಆಪತ್ತಿನಲ್ಲಿ ಒಂದು ಕಂಪನಿಯ ಸಿಗ್ನಲ್ ಹೋದರೆ ಇನ್ನೊಂದರ ಮೇಲೆ ಮಾತಾಡುವ ರೋಮಿಂಗ್ ಸೌಲಭ್ಯ ನಮ್ಮ ದೇಶದಲ್ಲಿದೆ, ನಿಜ. ಅದಕ್ಕೆ ಒಂದಾದರೂ ಬದುಕಿರಬೇಕಲ್ಲ!

ದೂರು ಕೊಡೋಣ ಅಂದರೆ ಕಂಪನಿಯವರ ಉತ್ತರ ರೆಡಿ: ಆ್ಯಪ್ ಡೌನ್‌ಲೋಡ್ ಮಾಡಿ, ಓಟಿಪಿ ಹಾಕಿ.

ಈ ಮಾತೆತ್ತಿದರೆ ಕಟ್ಟೆ ಮೇಲೆ ಒಬ್ಬರಾದರೂ, "ಅಮೆರಿಕಾದಾಗೂ ಹಿಂಗ ಆಗತೈತಿ ಬಿಡ್ರೀ" ಅನ್ನುತ್ತಾರೆ. ಸುಮ್ನೆ ಅನ್ನೋದಲ್ಲ, ಖರೇನೇ. 2017ರಲ್ಲಿ ಮರಿಯಾ ಚಂಡಮಾರುತ ಬಡಿದಾಗ ಅಮೆರಿಕಾದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪದಲ್ಲಿ ನೂರಕ್ಕೆ 95ರಷ್ಟು ಮೊಬೈಲ್ ಟವರುಗಳು ಸತ್ತುಬಿದ್ದಿದ್ದವು. 2005ರ ಕತ್ರೀನಾ ಚಂಡಮಾರುತ ಆದಮೇಲೆ ಅಮೆರಿಕಾದ ಸರ್ಕಾರಿ ದೂರಸಂಪರ್ಕ ಆಯೋಗ ಟವರಿಗೆ 8 ಗಂಟೆಯಾದರೂ ಬ್ಯಾಕಪ್ ಇರಲಿ ಅಂತ ನಿಯಮ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು, ನಿಯಮ ಜಾರಿಗೇ ಬರಲಿಲ್ಲ. 2012ರ ಸ್ಯಾಂಡಿ ಚಂಡಮಾರುತದ ಹೊತ್ತಿಗೆ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯವರು ಜನರೇಟರನ್ನು 13ನೇ ಮಹಡಿಯಲ್ಲಿ ಇಟ್ಟಿದ್ದರು. ಭಲೇ! ಆದರೆ ಅದಕ್ಕೆ ಎಣ್ಣೆ ಎತ್ತುವ ಪಂಪು ನೆಲಮಾಳಿಗೆಯಲ್ಲಿ. ನೀರು ನುಗ್ಗಿತು, ಪಂಪು ಮುಳುಗಿತು, ಪಾಪ ಸಿಬ್ಬಂದಿ ಸಾಲಾಗಿ ಮೆಟ್ಟಿಲ ಮೇಲೆ ನಿಂತು ಕೈಯಿಂದ ಕೈಗೆ ಡೀಸೆಲ್ ದಾಟಿಸಿದರು. ಅವರಿಗೆ ಮೆಟ್ಟಿಲಾದರೂ ಇತ್ತು, ನಮಗೆ ಸೇತುವೆಯೇ ಕಾಣುವುದಿಲ್ಲ.

ನಮ್ಮ ಕಡೆ 2019ರ ಆಗಸ್ಟ್ ಪ್ರವಾಹ ಯಾರೂ ಮರೆತಿಲ್ಲ. ಅದಕ್ಕೇ ಪ್ರತಿ ವರ್ಷ ಮುಂಜಾಗ್ರತಾ ಸಭೆ ಆಗುತ್ತದೆ, ಬಿಸ್ಕತ್ತು ಖಾಲಿಯಾಗುತ್ತದೆ, ಸಿದ್ಧತೆ ಪೂರ್ಣ ಅಂತ ಪೇಪರಿನಲ್ಲಿ ಬರುತ್ತದೆ. ಈ ಸಲ ಸಭೆಯನ್ನು ಟವರಿನ ಬುಡದಲ್ಲೇ ಮಾಡಿ ಸಾಹೇಬ್ರೇ. ಕಂಪನಿಯವರನ್ನೂ ಕರೀರಿ. ಬಂದ ಕೂಡಲೇ ಟವರಿನ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ, ಎಲ್ಲರ ಮೊಬೈಲಿನಲ್ಲೂ ಸಿಗ್ನಲ್ ಕಡ್ಡಿ ಹೋಗುವ ತನಕ ಯಾರೂ ಏಳಬಾರದು. ಚಹಾ, ಮಿರ್ಚಿ ಭಜಿ ನಮ್ಮ ಖರ್ಚು. ಡೀಸೆಲ್ ಕ್ಯಾನ್ ಮಾತ್ರ ನೀವೇ ತರ್ರಿ.