ಫ್ರೋಬೆಲ್ ಕೇಳಿದ್ದು ಸಿಗದೆ ಹೋದದ್ದೇ ಒಳ್ಳೆಯದಾಯಿತು

ಐದು ವರ್ಷದ ಮಗನಿಗೆ ಇನ್ನೂ ಓದಲು ಬರುವುದಿಲ್ಲ ಎಂದರೆ ಇಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿನ ನೆಂಟರನ್ನು ಒಪ್ಪಿಸುವುದು ಮಾತ್ರ ನನ್ನ ಕೈಲಾಗದ ಕೆಲಸ. ಅಲ್ಲಿ ಅವನ ಓರಗೆಯವರು ಯುಕೆಜಿಯಲ್ಲಿ ನಾಲ್ಕು ಗೆರೆಯ ಪುಸ್ತಕದ ಮೇಲೆ ಕೂಡಕ್ಷರ ತಿದ್ದುತ್ತಿದ್ದಾರೆ, ಇವನು ಕೆಸರಿನಲ್ಲಿ ಕಾಲುವೆ ತೋಡುತ್ತಿದ್ದಾನೆ. ಇಲ್ಲಿನ ಶಿಶುವಿಹಾರದ ಬಾಗಿಲ ಬಳಿ ಒಂದೊಂದು ಮಗುವಿಗೂ ಒಂದೊಂದು ಗೂಟ. ಅದಕ್ಕೆ ನೀರಿಳಿಯದ ಪ್ಯಾಂಟು, ಅದರಡಿ ಗಂಬೂಟು. ಮಳೆ ಬಂದ ದಿನವೂ ಅವನ್ನು ತೊಟ್ಟು ಅಂಗಳಕ್ಕೆ ಇಳಿಯುತ್ತಾರೆ.

ಈ ಪದ್ಧತಿಯ ಮೂಲಪುರುಷ ಜರ್ಮನ್ ಶಿಕ್ಷಣತಜ್ಞ ಫ್ರೀಡ್ರಿಷ್ ಫ್ರೋಬೆಲ್. ಸ್ವಿಟ್ಜರ್ಲೆಂಡಿನಲ್ಲಿ ಶಿಕ್ಷಣತಜ್ಞ ಪೆಸ್ಟಲೋಜಿಯ ಶಾಲೆಯಲ್ಲಿ 1808ರಿಂದ ಎರಡು ವರ್ಷ ಇದ್ದು, ಮಾತಿಗಿಂತ ಮೊದಲು ವಸ್ತು ಮಗುವಿನ ಕೈಗೆ ಸಿಗಬೇಕು ಎಂಬುದನ್ನು ಅಲ್ಲಿಂದ ಕಲಿತು ಬಂದವನು. ಆದರೆ ಗುರುವಿಗಿಂತ ಶಿಷ್ಯನೇ ಹೆಚ್ಚು ಹಟಮಾರಿ. ಮಕ್ಕಳಿಗೆಂದು ಆತ ರೂಪಿಸಿದ ಆಟಿಕೆಗಳಲ್ಲಿ ಮೂರನೆಯದು ಎಂಟು ಪುಟ್ಟ ಮರದ ಘನಗಳ ಪೆಟ್ಟಿಗೆ. ಅವನ್ನು ಸುಮ್ಮನೆ ನೆಲಕ್ಕೆ ಸುರಿಯುವಂತಿಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿ, ಮುಚ್ಚಳವನ್ನು ಜಾರಿಸಿ ಎಳೆದು, ಪೆಟ್ಟಿಗೆಯನ್ನು ಮೆಲ್ಲಗೆ ಮೇಲೆತ್ತಬೇಕು. ಆಗ ಎಂಟೂ ಸೇರಿದ ಒಂದೇ ದೊಡ್ಡ ಘನ ಮಗುವಿನ ಎದುರು ನಿಲ್ಲುತ್ತದೆ. ಮೊದಲು ಇಡಿಯಾದದ್ದನ್ನು ನೋಡಬೇಕು, ಆಮೇಲೆ ಬಿಡಿಸಬೇಕು, ಆಟ ಮುಗಿದಾಗ ಮತ್ತೆ ಕೂಡಿಸಬೇಕು. ನನಗೆ ಇದು ಸ್ವಲ್ಪ ಅತಿಯಾದ ಶಿಸ್ತು ಎನಿಸುತ್ತದೆ. ಈಗಿನ ಶಿಶುವಿಹಾರಗಳಲ್ಲಿ ಮಕ್ಕಳು ಧಾರಾಳವಾಗಿ ನೆಲಕ್ಕೆ ಸುರಿಯುತ್ತಾರೆ. ಆದರೂ ಗಣಿತದ ಬೀಜ ಬಿತ್ತಲು ಪಾಟಿ ಬೇಕಿಲ್ಲ ಎಂಬುದನ್ನು ಈ ಪೆಟ್ಟಿಗೆ ತೋರಿಸಿಕೊಟ್ಟಿತು. ಅಮೆರಿಕದ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಬಾಲ್ಯದಲ್ಲಿ ಆಡಿದ್ದು ಇಂಥವೇ ಕಟ್ಟಿಗೆ ತುಂಡುಗಳೊಂದಿಗೆ.

1840ರಲ್ಲಿ ಶಿಶುವಿಹಾರಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ ಫ್ರೋಬೆಲ್‌ಗೆ ಒಂದು ದೊಡ್ಡ ಆಸೆಯಿತ್ತು. ಶಿಶುವಿಹಾರ ಇಡೀ ಶಿಕ್ಷಣ ವ್ಯವಸ್ಥೆಯ ಮೊದಲ ಮೆಟ್ಟಿಲಾಗಬೇಕು ಎಂಬುದು. 1848ರಲ್ಲಿ ಜರ್ಮನಿಯ ರುಡೋಲ್‌ಸ್ಟಾಟ್ ಪಟ್ಟಣದಲ್ಲಿ ಕೂಡಿದ ಶಿಕ್ಷಕರೂ ಅದನ್ನೇ ಕೇಳಿದರು. ಸಿಕ್ಕಿದ್ದು ನಿಷೇಧ. 1851ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯದ ಸರ್ಕಾರ ಶಿಶುವಿಹಾರಗಳು ನಾಸ್ತಿಕತೆ ಹರಡುತ್ತವೆ ಎಂದು ಬಾಗಿಲು ಹಾಕಿಸಿತು. ಸೋದರನ ಮಗ ಕಾರ್ಲ್ ಫ್ರೋಬೆಲ್‌ನ ವಿಚಾರಗಳನ್ನು ಇವನ ತಲೆಗೆ ಕಟ್ಟಲಾಗಿತ್ತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡ, ನಿಷೇಧ ತೆರವಾದದ್ದು 1860ರಲ್ಲಿ. ಮುಂದೆ 1920ರ ಜರ್ಮನಿಯ ರಾಷ್ಟ್ರೀಯ ಶಾಲಾ ಸಮ್ಮೇಳನದಲ್ಲಿ ಮತ್ತೆ ಚರ್ಚೆಯಾಗಿ, ಕಿಂಡರ್‌ಗಾರ್ಟನ್ ಶಾಲೆಯ ಭಾಗವಾಗದೆ ಮಕ್ಕಳ ಕಲ್ಯಾಣದ ಕಾನೂನಿನಡಿಯೇ ಉಳಿಯಿತು. ಇಂದಿಗೂ ಬಹಳಷ್ಟನ್ನು ಚರ್ಚುಗಳು, ಸೇವಾಸಂಸ್ಥೆಗಳು, ನಗರಸಭೆಗಳು ನಡೆಸುತ್ತವೆ.

ಆತ ಬಯಸಿದ್ದು ಆಗದೆ ಇದ್ದುದರಿಂದಲೇ ಆತನ ಆಟ ಉಳಿಯಿತು ಎಂಬುದು ನನ್ನ ಅನಿಸಿಕೆ. ಶಾಲೆಯ ಸೂರಿನಡಿ ಬಂದರೆ ಮೇಲಿನ ತರಗತಿಯ ಪಠ್ಯ ಕೆಳಕ್ಕೆ ಇಳಿಯದೆ ಬಿಡುವುದಿಲ್ಲ. ನಮ್ಮಲ್ಲಿ ಖಾಸಗಿ ಶಾಲೆಗಳು ಒಂದನೇ ತರಗತಿಗೆ ಎಲ್‌ಕೆಜಿ, ಯುಕೆಜಿಯನ್ನು ಅಂಟಿಸಿಕೊಂಡವು, ಹೋಮ್‌ವರ್ಕ್ ತಾನಾಗಿಯೇ ಹಿಂಬಾಲಿಸಿತು. 2025ರಲ್ಲಿ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮದ ವಿರುದ್ಧ ಪೋಷಕರು ತಿರುಗಿಬಿದ್ದು, ಕರ್ನಾಟಕ ಸರ್ಕಾರ ಆ ವರ್ಷದ ಮಟ್ಟಿಗೆ ಐದೂವರೆಯ ಆಸುಪಾಸಿಗೆ ಇಳಿಸಬೇಕಾಯಿತು. ಆರು ತಿಂಗಳು ಹೆಚ್ಚು ಆಡಿದರೆ ಮಗು ಹಿಂದುಳಿಯುತ್ತದೆ ಎಂಬ ಭಯ ಅಷ್ಟಿದೆ.

ಹಾಗೆಂದು ಜರ್ಮನಿ ಸ್ವರ್ಗವೇನಲ್ಲ. ಆರರವರೆಗೆ ಮಣ್ಣಲ್ಲಿ ಆಡಲು ಬಿಟ್ಟ ಮಗುವನ್ನು ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ, ಹತ್ತರ ಪ್ರಾಯದಲ್ಲಿ, ವಿಶ್ವವಿದ್ಯಾಲಯದ ದಾರಿಯ ಗಿಮ್ನಾಸಿಯಮ್ ಶಾಲೆಗೋ ಬೇರೆ ಶಾಲೆಗೋ ಎಂದು ವಿಂಗಡಿಸುತ್ತಾರೆ. ಮನೆಯಲ್ಲಿ ಜರ್ಮನ್ ಆಡದ ನಮ್ಮಂಥವರಿಗೆ ಆ ನಾಲ್ಕು ವರ್ಷ ಎದೆ ಡವಗುಟ್ಟುತ್ತದೆ. ಈ ವಿಷಯದಲ್ಲಿ ಹತ್ತನೇ ತರಗತಿಯವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸುವ ನಮ್ಮ ಸರ್ಕಾರಿ ಶಾಲೆಯೇ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಫ್ರೋಬೆಲ್‌ಗೆ ಹತ್ತಿರವಾದದ್ದು ನಮ್ಮಲ್ಲಿ ಏನಾದರೂ ಇದ್ದರೆ ಅದು ಅಂಗನವಾಡಿ. 1975ರಲ್ಲಿ ಶುರುವಾದ ಅದು ಶಿಕ್ಷಣ ಇಲಾಖೆಯದ್ದಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಬೀದಿಗಿಳಿದರು. ಮಕ್ಕಳು ಶಾಲೆಯ ಕಡೆ ಹೋದರೆ ತಮ್ಮ ಕೇಂದ್ರಗಳು ಖಾಲಿಯಾಗುತ್ತವೆ ಎಂಬುದು ಅವರ ಆತಂಕ. ಅದು ಹೊಟ್ಟೆಪಾಡಿನ ಹೋರಾಟ, ಶಿಕ್ಷಣತತ್ತ್ವದ್ದಲ್ಲ ಎಂದು ಮೂಗು ಮುರಿದವರೂ ಇದ್ದರು. ನಾನಂತೂ ಕಾರ್ಯಕರ್ತೆಯರ ಪಕ್ಷ. ಅವರಿಗೆ ಗೌರವಧನದ ಬದಲು ಸರಿಯಾದ ಸಂಬಳ, ಮಕ್ಕಳಿಗೆ ಒಂದಿಷ್ಟು ಅಂಗಳ, ಒಂದು ಪೆಟ್ಟಿಗೆ ಮರದ ತುಂಡು ಕೊಟ್ಟರೆ ಹೊಸ ಯೋಜನೆಯೇ ಬೇಕಾಗಿಲ್ಲ.