ಟನ್ನಿಗೆ ನಾಲ್ಕು ಕೆಜಿ, ಮಾರುದ್ದ ಫ್ಲೆಕ್ಸು

ಒಂದು ಟನ್ ಡಾಂಬರು ಮಿಶ್ರಣದಲ್ಲಿ ಜಲ್ಲಿ ಮತ್ತು ಜಲ್ಲಿಪುಡಿ ಸುಮಾರು 950 ಕೆಜಿ, ಡಾಂಬರು 46 ಕೆಜಿ, ಪ್ಲಾಸ್ಟಿಕ್ 4 ಕೆಜಿ. ಇದರ ಹೆಸರು ಪ್ಲಾಸ್ಟಿಕ್ ರಸ್ತೆ. ಈ ಲೆಕ್ಕಕ್ಕೆ ಒಗ್ಗರಣೆ ಬಿದ್ದ ಚಟ್ನಿಯನ್ನೆಲ್ಲ ನಾವು ಇನ್ನು ಸಾಸಿವೆ ಎಂದೇ ಕರೆಯಬೇಕು. ಲಾರಿಯ ಭಾರವನ್ನೆಲ್ಲ ಹೊರುವ ಜಲ್ಲಿಗೆ ಫಲಕದಲ್ಲಿ ಜಾಗವಿಲ್ಲ. 4 ಕೆಜಿಗೆ ಮಾತ್ರ ಹಾರ, ತುರಾಯಿ, ಟೇಪು, ಕತ್ತರಿ.

ತಂತ್ರದಲ್ಲಿ ತಪ್ಪಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ತಮಿಳುನಾಡಿನ ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಆರ್. ವಾಸುದೇವನ್ ಇದನ್ನು ಮಾಡಿ ತೋರಿಸಿದರು. 2018ರಲ್ಲಿ ಪದ್ಮಶ್ರೀಯೂ ಬಂತು. ಚೆನ್ನೈನ ಜಂಬುಲಿಂಗಂ ಬೀದಿಗೆ 2002ರಲ್ಲೇ ಇಂಥ ಡಾಂಬರು ಬಿದ್ದಿದೆ. ಮಾಡುವ ಕ್ರಮವೂ ಸಲೀಸು. ಜಲ್ಲಿಯನ್ನು 160ರಿಂದ 170 ಡಿಗ್ರಿಗೆ ಕಾಯಿಸಿ, ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿ ತಿರುವಿದರೆ ಅರ್ಧ ನಿಮಿಷದಲ್ಲಿ ಕರಗಿ ಪ್ರತಿ ಕಲ್ಲಿಗೂ ಎಣ್ಣೆ ಸವರಿದ ಹಾಗೆ ಹತ್ತಿಕೊಳ್ಳುತ್ತದೆ. ಆಮೇಲೆ ಡಾಂಬರು ಸುರಿಯುವುದು. ಕಲ್ಲಿಗೆ ನೀರಿನ ಮೇಲೆ ಇರುವಷ್ಟು ಪ್ರೀತಿ ಡಾಂಬರಿನ ಮೇಲಿಲ್ಲ. ಮಳೆಗಾಲದಲ್ಲಿ ನೀರು ನಡುವೆ ನುಸುಳಿದರೆ ಡಾಂಬರು ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಪದರ ಈ ಸಂಸಾರ ಒಡೆಯದಂತೆ ನೋಡಿಕೊಳ್ಳುತ್ತದೆ. ಇಲ್ಲಿಯವರೆಗಿನದು ಕಾಲೇಜು. ಇನ್ನು ಮುಂದಿನದು ಇಲಾಖೆ.

ರಸ್ತೆ ಕೆಲಸಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಎಸ್‌ಪಿ 98 ಎಂಬ ಕೈಪಿಡಿ ತಂದಿತು. ಈ 4 ಕೆಜಿಗೆ ಅದು ವಿಧಿಸಿದ ಮಡಿ-ಮೈಲಿಗೆ ಯಾವ ಮಠಕ್ಕೂ ಕಡಿಮೆಯಿಲ್ಲ. ಚೂರು 2.36 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, 600 ಮೈಕ್ರಾನ್ (ಅಂದರೆ 0.6 ಮಿ.ಮೀ.) ಜರಡಿಯಲ್ಲಿ ನಿಲ್ಲಬೇಕು. ಮಣ್ಣು, ದೂಳು ಶೇ 1 ಮೀರಬಾರದು. ಮತ್ತೆ ಮತ್ತೆ ಕರಗಿಸಿ ಕರ್ರಗಾದ ಪ್ಲಾಸ್ಟಿಕ್ ಕೂಡದು. ಪಿವಿಸಿ ಹೊಸ್ತಿಲನ್ನೂ ದಾಟಬಾರದು. ಕಾದರೆ ಅದು ಉಸಿರುಗಟ್ಟಿಸುವ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಒಟ್ಟು ಪ್ರಮಾಣ ಡಾಂಬರಿನ ತೂಕದ ಶೇ 6ರಿಂದ 8. ಇದರ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯೂ ಒಂದು ಷರತ್ತು ಸೇರಿಸಿದೆ: ಹಾಳೆಯ ದಪ್ಪ 60 ಮೈಕ್ರಾನ್ ಒಳಗಿರಬೇಕು.

ಈ 60 ಮೈಕ್ರಾನ್ ಎನ್ನುವುದನ್ನು ಸ್ವಲ್ಪ ನೆನಪಿಡಿ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕ್ಯಾರಿ ಬ್ಯಾಗನ್ನೇ ನಿಷೇಧಿಸಿತು. ಸರಿಯಾಗಿ ಒಂದು ವಾರ ಕಳೆದು, ಅದೇ ತಿಂಗಳ 18ರಂದು, ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೊರಬಿದ್ದವು. ಮರುಬಳಕೆಗೆ ಬಾರದ ಪ್ಲಾಸ್ಟಿಕ್ಕನ್ನು ರಸ್ತೆಗೆ ಬಳಸಲು ಉತ್ತೇಜನ ಕೊಡಿ ಎಂದು ಅವು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. 2022ರ ಕೊನೆಗೆ ದೇಶದಲ್ಲಿ 120 ಮೈಕ್ರಾನಿಗಿಂತ ತೆಳುವಾದ ಕ್ಯಾರಿ ಬ್ಯಾಗಿಗೆ ನಿಷೇಧ ಬಂತು. ಅಂದರೆ ಅಂಗಡಿಯಲ್ಲಿ ಸಿಕ್ಕರೆ ದಂಡ ಬೀಳುವ ಕವರೇ ರಸ್ತೆಗೆ ಹೇಳಿಮಾಡಿಸಿದ ಮಾಲು. ಕೇಂದ್ರದ ನಿಯಮದಲ್ಲಿ ಕಾನೂನುಬದ್ಧವಾದ ದಪ್ಪ ಚೀಲ ರಸ್ತೆಗೆ ಅನರ್ಹ. ನಿಷೇಧ ಪೂರ್ತಿ ಯಶಸ್ವಿಯಾದ ದಿನ ಪ್ಲಾಸ್ಟಿಕ್ ರಸ್ತೆಗೆ ಕಚ್ಚಾವಸ್ತುವಿನ ಬರ. ಅಂಥ ಅಚಾತುರ್ಯ ನಡೆಯದಂತೆ ಎಲ್ಲರೂ ಸೇರಿ ನೋಡಿಕೊಂಡಿದ್ದಾರೆ ಎನ್ನುವುದು ಸಮಾಧಾನದ ಸಂಗತಿ.

ಹಾಲಿನ ಕವರು ತೆಳುವಾಗಿದೆ, ತೊಳೆದರೆ ಶುಭ್ರವಾಗಿರುತ್ತದೆ, ಬೇಗ ಕರಗುತ್ತದೆ. ರಸ್ತೆಗೆ ಅದಕ್ಕಿಂತ ಒಳ್ಳೆಯ ವರ ಇಲ್ಲ. ಆದರೆ ಅದಕ್ಕೆ ಗುಜರಿಯವನು ದುಡ್ಡು ಕೊಡುತ್ತಾನೆ, ಹಾಗಾಗಿ ಅದು ರಸ್ತೆಯ ಕಡೆ ತಿರುಗಿಯೂ ನೋಡುವುದಿಲ್ಲ. ಗುಜರಿಯವನೂ ಬೇಡವೆಂದದ್ದು ಉಳಿಯುತ್ತದೆ: ಸಾರು ಮೆತ್ತಿದ ಕವರು, ಒಳಗೆ ಬೆಳ್ಳಿಬಣ್ಣ ಬಳಿದ ಚಿಪ್ಸ್ ಪೊಟ್ಟಣ, ಅರ್ಧ ಚರಂಡಿಯನ್ನೇ ಹೊತ್ತು ಬಂದ ಚೀಲ. ಶೇ 1 ದೂಳಿಗೆ ಇಳಿಸಬೇಕೆಂದರೆ ಬಿಡಿಸಬೇಕು, ತೊಳೆಯಬೇಕು, ಒಣಗಿಸಬೇಕು, ಕತ್ತರಿಸಬೇಕು, ಜರಡಿ ಹಿಡಿಯಬೇಕು. ಪುಕ್ಕಟೆ ಕಸ ಪುಕ್ಕಟೆಯಾಗಿ ಉಳಿಯುವುದು ಭಾಷಣದಲ್ಲಿ ಮಾತ್ರ.

ಇನ್ನು ಜಲ್ಲಿಗೆ ಡಾಂಬರು ಬೆರೆಸುವ ಪ್ಲಾಂಟು. ಬ್ಯಾಚ್ ಪ್ಲಾಂಟಿನಲ್ಲಿ ಕೆಲಸ ಅಚ್ಚುಕಟ್ಟು. ಪ್ರತಿ ಬ್ಯಾಚಿಗೆ ತೂಕ ಮಾಡಿ ಮಿಕ್ಸರಿಗೆ ಹಾಕಿದರಾಯಿತು. ತಿರುಗುವ ಡ್ರಮ್ಮಿನಲ್ಲೇ ಎಲ್ಲವೂ ಬೆರೆಯುವ ಡ್ರಮ್ ಪ್ಲಾಂಟಿನಲ್ಲಿ ಜಲ್ಲಿ ಒಳಹೋಗುವ ತುದಿಯಲ್ಲೇ ಬರ್ನರಿನ ಬೆಂಕಿ ಇರುತ್ತದೆ. ಅದಕ್ಕೇ ಪ್ಲಾಸ್ಟಿಕ್ಕನ್ನು ಬೇರೆ ಪೈಪಿನಲ್ಲಿ ಗಾಳಿಯೊತ್ತಿ, ಡ್ರಮ್ಮಿನ ಹಿಂಭಾಗದಲ್ಲಿ, ಡಾಂಬರು ಚಿಮ್ಮುವ ಜಾಗಕ್ಕಿಂತ ಸ್ವಲ್ಪ ಮುಂಚೆ ಬಿಡಬೇಕು. ಆ ಪೈಪಿಗೂ ಬ್ಲೋವರಿಗೂ ಖರ್ಚಿದೆ. ಜಲ್ಲಿ ಸಾಗುವ ಬೆಲ್ಟಿನ ಮೇಲೆ ಗೋಣಿಚೀಲ ಬಗ್ಗಿಸುವುದಕ್ಕೆ ಖರ್ಚಿಲ್ಲ. ಬೆಲ್ಟಿನ ಮೇಲೆ ಬಿದ್ದದ್ದು ನೇರ ಜ್ವಾಲೆಗೆ ಹೋಗಿ ಚಿಮಣಿಯಲ್ಲಿ ಹೊಗೆಯಾಗುತ್ತದೆ. ಪುಸ್ತಕದಲ್ಲಿ ಮಾತ್ರ ರಸ್ತೆಗೆ ಸೇರಿರುತ್ತದೆ. ಹಸಿ ಚೂರಾದರೆ ಇನ್ನೊಂದು ಕಥೆ: ಉಂಡೆಗಟ್ಟಿ, ಕಲ್ಲಿಗೂ ಹತ್ತದೆ, ಡಾಂಬರಿಗೂ ಸೇರದೆ, ಮಿಶ್ರಣ ಹಾಸುವ ಪೇವರ್ ಯಂತ್ರದ ಹಿಂದೆ ಹಾಸಿನ ಮೇಲೆ ಬಣ್ಣಬಣ್ಣದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತಿ ಚರಂಡಿಗೆ ಎಸೆಯಲಾಗುತ್ತದೆ. ಅದು ಬಂದದ್ದೂ ಅಲ್ಲಿಂದಲೇ.

ಆದರೆ ಈ 4 ಕೆಜಿಯ ನಿಜವಾದ ಮಹಿಮೆ ಇರುವುದು ಬಿಲ್ಲಿನಲ್ಲಿ. ಜಲ್ಲಿ ಕಡಿಮೆಯಾದರೆ ದಪ್ಪ ಅಳೆದಾಗ ಗೊತ್ತಾಗುತ್ತದೆ. ಡಾಂಬರು ಕಡಿಮೆಯಾದರೆ ಆರು ತಿಂಗಳಲ್ಲಿ ರಸ್ತೆಯೇ ಹೇಳುತ್ತದೆ. ಪ್ಲಾಸ್ಟಿಕ್ ಹಾಕಿದ ರಸ್ತೆಯೂ ಕಪ್ಪು, ಹಾಕದ ರಸ್ತೆಯೂ ಕಪ್ಪು. ಶೇ 0.4 ಇದೆಯೋ ಇಲ್ಲವೋ ಎಂದು ಅಳತೆ ಟೇಪಿನಲ್ಲಿ ತಿಳಿಯುವುದಿಲ್ಲ. ಹಾಗಾಗಿ ಪುರಾವೆಗೆ ಉಳಿಯುವುದು ಪ್ಲಾಂಟಿನ ಮುಂದೆ ಚೀಲ ಹಿಡಿದು ನಿಂತ ಫೋಟೊ. ಚೀಲ ಅದೇ ಇದ್ದು ರಸ್ತೆಗಳು ಬೇರೆಬೇರೆ ಆಗುವುದಕ್ಕೆ ಕೈಪಿಡಿಯಲ್ಲಿ ಅಡ್ಡಿಯಿಲ್ಲ.

ಪ್ರಯೋಗಾಲಯಕ್ಕೆ ಒಯ್ದರೆ ಇನ್ನೂ ಸೊಗಸು. ಮಿಶ್ರಣದ ಡಾಂಬರನ್ನು ದ್ರಾವಕದಲ್ಲಿ ತೊಳೆದು ತೆಗೆದು ತೂಕ ನೋಡುವುದು ವಾಡಿಕೆಯ ಪರೀಕ್ಷೆ. ಪ್ಲಾಸ್ಟಿಕ್ ಹೊದ್ದ ಜಲ್ಲಿ ಡಾಂಬರನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ಮಾಮೂಲು ದ್ರಾವಕಕ್ಕೆ ಅದು ಪೂರ್ತಿ ಬಿಟ್ಟುಕೊಡುವುದಿಲ್ಲ. ಇದು ತಂತ್ರದ ಹಿರಿಮೆ. ಇದೇ ಹಿರಿಮೆಯನ್ನು ಗುತ್ತಿಗೆದಾರರ ಕಡೆಯಿಂದ ಓದಿಕೊಳ್ಳಿ: ‘ಡಾಂಬರು ಹಾಕಿದ್ದೇವೆ ಸಾರ್, ಹೊರಗೆ ಬರ್ತಾ ಇಲ್ಲ ಅಷ್ಟೆ. ಪ್ಲಾಸ್ಟಿಕ್ ರಸ್ತೆ ನೋಡಿ.’

ದೇಶದ ಕಸವೆಲ್ಲ ರಸ್ತೆಯಡಿ ಹೂತುಹೋಗುತ್ತದೆ ಎನ್ನುವ ಭಾಷಣಕ್ಕೂ ಒಂದು ಗುಣಾಕಾರ ಮಾಡಿಬಿಡೋಣ. 3.75 ಮೀಟರ್ ಅಗಲ, 30 ಮಿ.ಮೀ. ದಪ್ಪದ ಒಂದು ಕಿಲೋಮೀಟರಿಗೆ ಸುಮಾರು 260 ಟನ್ ಮಿಶ್ರಣ ಬೇಕು, ಅದರಲ್ಲಿ ಪ್ಲಾಸ್ಟಿಕ್ ಒಂದು ಟನ್ ಚಿಲ್ಲರೆ. 2020-21ರಲ್ಲಿ ದೇಶದ ಪ್ಲಾಸ್ಟಿಕ್ ತ್ಯಾಜ್ಯ ಸುಮಾರು 41 ಲಕ್ಷ ಟನ್ ಎಂದು ಕೇಂದ್ರ ಮಾಲಿನ್ಯ ಮಂಡಳಿಯ ಲೆಕ್ಕ. ಇದನ್ನೆಲ್ಲ ರಸ್ತೆಗೇ ಉಣಿಸಬೇಕೆಂದರೆ ಪ್ರತಿ ವರ್ಷ ಹತ್ತಿರ ಹತ್ತಿರ 40 ಲಕ್ಷ ಕಿಲೋಮೀಟರಿಗೆ ಹೊಸ ಹಾಸು ಹೊದಿಸಬೇಕು. ದೇಶದ ಒಟ್ಟು ರಸ್ತೆಯೇ 63 ಲಕ್ಷ ಕಿಲೋಮೀಟರು, ಅದರಲ್ಲಿ ಮಣ್ಣಿನ ದಾರಿಯೂ ಸೇರಿದೆ. ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ಹಾಕುವ ಅಭ್ಯಾಸ ಈಗಾಗಲೇ ಇರುವ ಕಡೆಗಳಲ್ಲಿ ಈ ಗುರಿ ಅಷ್ಟೇನೂ ದೂರವಿಲ್ಲ.

ಮಳೆಗೆ ಬಗ್ಗದ ರಸ್ತೆ ಎಂಬ ಮಾತೂ ಅರ್ಧ ನಿಜ. ಪದರ ತಡೆಯುವುದು ಕಲ್ಲಿಗೂ ಡಾಂಬರಿಗೂ ನಡುವೆ ನುಗ್ಗುವ ನೀರನ್ನು. ಇಂಥ ರಸ್ತೆಯ ನೆತ್ತಿ ಅಂಚಿಗಿಂತ ನಾಲ್ಕೈದು ಸೆಂಟಿಮೀಟರ್ ಎತ್ತರ ಇರಬೇಕು, ಆಗ ನೀರು ಪಕ್ಕಕ್ಕೆ ಹರಿಯುತ್ತದೆ. ನೆತ್ತಿ ಚಪ್ಪಟೆಯಾಗಿ, ಚರಂಡಿ ರಸ್ತೆಗಿಂತ ಮೇಲಿದ್ದು, ಕೆಳಗಿನ ಜಲ್ಲಿಹಾಸು ಕೆಸರಾಗಿದ್ದರೆ ಮೇಲಿನ 30 ಮಿ.ಮೀ. ಏನು ಮಾಡೀತು? ಬಾಂಡಲಿಗೆ ಕಲಾಯಿ ಹಾಕಿಸಿ ತಳದ ತೂತನ್ನು ಹಾಗೇ ಬಿಟ್ಟಂತೆ. ಇನ್ನು ಹಾಸು ಆರುವ ಮೊದಲೇ ನೀರಿನ ಪೈಪಿಗೆ, ಕೇಬಲ್ಲಿಗೆ ಅಗೆಯುವವರು ಬರುತ್ತಾರೆ. ಅಗೆದ ಹೊಂಡಕ್ಕೆ ಮಣ್ಣು ತುಂಬುತ್ತಾರೆ. ಮಣ್ಣಿನಲ್ಲಿ ಪ್ಲಾಸ್ಟಿಕ್ ಧಾರಾಳವಾಗಿರುತ್ತದೆ, ಜರಡಿ ಹಿಡಿಯುವ ತಾಪತ್ರಯವೂ ಇಲ್ಲ.

ಉಳಿದದ್ದು ಉದ್ಘಾಟನೆಯ ಫ್ಲೆಕ್ಸು. ಹತ್ತು ಅಡಿ ಎತ್ತರ, ಇಪ್ಪತ್ತು ಅಡಿ ಅಗಲ, ಹನ್ನೆರಡು ಮುಖ, ಮಧ್ಯದಲ್ಲಿ ‘ಪರಿಸರಸ್ನೇಹಿ ಪ್ಲಾಸ್ಟಿಕ್ ರಸ್ತೆ’. ಫ್ಲೆಕ್ಸ್ ಎಂದರೆ ಪಿವಿಸಿ. ಕೈಪಿಡಿ ಹೆಸರು ಹಿಡಿದು ಹೊರಗಿಟ್ಟಿರುವುದು ಅದನ್ನೇ. ರಾಜ್ಯ ಸರ್ಕಾರದ 2016ರ ಆದೇಶದಲ್ಲಿ ನಿಷೇಧಿತ ಪಟ್ಟಿಯಲ್ಲಿರುವುದೂ ಅದೇ. ಹಾಗಾಗಿ ಅದನ್ನು ಚೂರು ಮಾಡುವಂತಿಲ್ಲ, ಸುಡುವಂತಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಅದು ಪ್ಲಾಂಟಿಗೆ ಬರುತ್ತದೆ. ಅಲ್ಲಿ ಮುಂದಿನ ರಸ್ತೆಗೆಂದು ರಾಶಿ ಹಾಕಿದ ಪ್ಲಾಸ್ಟಿಕ್ ಚೂರು ಮಳೆಗೆ ನೆನೆಯದಂತೆ ಅದನ್ನೇ ಹೊದಿಸಿ, ಮೂಲೆಗೊಂದು ಜಲ್ಲಿಕಲ್ಲು ಹೇರಿರುತ್ತಾರೆ.