ಅಗ್ನಿ-5ಕ್ಕೆ ಹಲವು ಸಿಡಿತಲೆ ಬೇಕೇ?

2024ರ ಮಾರ್ಚ್ 11ರಂದು ಭಾರತ 'ದಿವ್ಯಾಸ್ತ್ರ' ಹೆಸರಿನ ಪರೀಕ್ಷೆ ನಡೆಸಿತು. ಒಂದೇ ಅಗ್ನಿ-5 ಕ್ಷಿಪಣಿ ಹಲವು ಸಿಡಿತಲೆಗಳನ್ನು, ಅಂದರೆ ಅಣುಬಾಂಬು ಇಡುವ ತುದಿಗಳನ್ನು, ಹೊತ್ತೊಯ್ದು ಬೇರೆ ಬೇರೆ ಗುರಿಗಳಿಗೆ ಬಿಡಬಲ್ಲದು ಎಂದು ಅಂದು ಗೊತ್ತಾಯಿತು. ಈ ದಾರಿಯಲ್ಲಿ ಮುಂದೆ ಹೋಗಬೇಕೇ?

ಪರ

ಅಣ್ವಸ್ತ್ರವನ್ನು ನಾವು ಮೊದಲು ಬಳಸುವುದಿಲ್ಲ ಎಂದು ಭಾರತ ಮಾತು ಕೊಟ್ಟಿದೆ. 2003ರಲ್ಲಿ ಸರ್ಕಾರ ಅದನ್ನು ಅಧಿಕೃತ ನೀತಿಯಾಗಿ ಪ್ರಕಟಿಸಿತು. ಹೀಗೆ ಮಾತು ಕೊಟ್ಟ ದೇಶಕ್ಕೆ ಕಷ್ಟ ಜಾಸ್ತಿ. ಮೊದಲ ಏಟು ತಿಂದ ಮೇಲೂ ತಿರುಗಿ ಹೊಡೆಯುವ ಬಲ ಉಳಿದಿರಬೇಕು. ಅದು ಉಳಿಯುತ್ತದೆ ಎಂದು ಎದುರಾಳಿಗೂ ಖಾತ್ರಿ ಇರಬೇಕು.

150 ಕಿ.ಮೀ. ಹೋಗುವ ಪೃಥ್ವಿ ಕ್ಷಿಪಣಿ ಚೀನಾವನ್ನು ತಡೆಯುವುದಿಲ್ಲ. ಅದಕ್ಕೆ 5,000 ಕಿ.ಮೀ. ದಾಟುವ ಅಗ್ನಿ-5 ಬೇಕು. ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ವ್ಯವಸ್ಥೆಯನ್ನು ಚೀನಾ ಕಟ್ಟುತ್ತಿದೆ. ದಾಳಿಯಲ್ಲಿ ನಮಗೆ ಉಳಿದ ಕೆಲವೇ ಕ್ಷಿಪಣಿಗಳಲ್ಲಿ ಒಂದೊಂದೇ ಸಿಡಿತಲೆ ಇದ್ದರೆ ಅವು ದಾರಿಯಲ್ಲೇ ಮುಗಿದುಹೋಗಬಹುದು. ಹಲವು ಇದ್ದರೆ ಕೆಲವಾದರೂ ಗುರಿ ಮುಟ್ಟಬಹುದು.

ಇನ್ನೊಂದು ಮಾತು. ಈ ತಂತ್ರಜ್ಞಾನವನ್ನು ನಮಗೆ ಯಾರೂ ಕೊಡಲಿಲ್ಲ. ಅಬ್ದುಲ್ ಕಲಾಂ ನೇತೃತ್ವದ ಕ್ಷಿಪಣಿ ಯೋಜನೆ ಶುರುವಾಗಿದ್ದು 1983ರಲ್ಲಿ. 1987ರಲ್ಲಿ ಏಳು ಶ್ರೀಮಂತ ದೇಶಗಳು ಸೇರಿ ಕ್ಷಿಪಣಿ ತಂತ್ರಜ್ಞಾನ ಹೊರಗೆ ಹೋಗದಂತೆ ಬೇಲಿ ಹಾಕಿದವು. ಆಗ ನಮ್ಮವರು ಕೈಯಲ್ಲಿ ಇದ್ದದ್ದನ್ನೇ ಜೋಡಿಸಿದರು. 1989ರ ಮೇ 22ರಂದು ಚಾಂದೀಪುರದಿಂದ ಹಾರಿದ ಮೊದಲ ಅಗ್ನಿಯ ಕೆಳಹಂತ ಉಪಗ್ರಹ ಹಾರಿಸುವ ಎಸ್‌ಎಲ್‌ವಿ-3 ರಾಕೆಟ್ಟಿನ ಘನ ಇಂಧನದ ಮೋಟಾರು. ಮೇಲಿನದು ಪೃಥ್ವಿಯಿಂದ ಬಂದ ದ್ರವ ಇಂಧನದ ಎಂಜಿನ್ನು. 2012ರಲ್ಲಿ ಹಾರಿದ ಅಗ್ನಿ-5ರಲ್ಲಿ ಮೂರೂ ಹಂತ ಘನ ಇಂಧನದವು. ಇಂಧನ ತುಂಬಿಸುತ್ತ ಕಾಯಬೇಕಿಲ್ಲ, ಲಾರಿ ಮೇಲೆ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಇಷ್ಟು ದೂರ ಬಂದು ಈಗ ನಿಲ್ಲಿಸಿದರೆ, ಮತ್ತೆ ಬೇಕಾದಾಗ ಆ ಅನುಭವಸ್ಥ ತಂಡ ಸಿಗುವುದಿಲ್ಲ.

ವಿರೋಧ

ನಮ್ಮ ವಿಜ್ಞಾನಿಗಳ ಸಾಮರ್ಥ್ಯದ ಬಗ್ಗೆ ನನಗೆ ತಕರಾರಿಲ್ಲ. ಭಯ ಇರುವುದು ಈ ಅಸ್ತ್ರ ಎದುರಾಳಿಯ ತಲೆಯಲ್ಲಿ ಏನು ಮಾಡುತ್ತದೆ ಎಂಬುದರ ಬಗ್ಗೆ.

ಒಂದು ಕ್ಷಿಪಣಿಯಲ್ಲಿ ನಾಲ್ಕೈದು ಸಿಡಿತಲೆ ಇಟ್ಟರೆ, ಅದೊಂದನ್ನು ನಾಶ ಮಾಡಿದವನಿಗೆ ಅಷ್ಟೂ ಲಾಭ. ಹಾಗಾಗಿ ಬಿಕ್ಕಟ್ಟು ಬಂದಾಗ ಅವನಿಗೆ ಮೊದಲೇ ಹೊಡೆಯುವ ಆಸೆ. ನಮಗೆ, ಕಳೆದುಕೊಳ್ಳುವ ಮೊದಲೇ ಬಳಸಿಬಿಡುವ ಒತ್ತಡ. ಮೊದಲು ಬಳಸುವುದಿಲ್ಲ ಎಂಬ ಮಾತಿಗೆ ಇದರಿಂದಲೇ ಪೆಟ್ಟು ಬೀಳುತ್ತದೆ, ಅಲ್ವಾ?

ಈ ಪೈಪೋಟಿ ಹೇಗೆ ಬೆಳೆಯಿತು ನೋಡಿ. ಭಾರತ ಕ್ಷಿಪಣಿ ತಡೆ ವ್ಯವಸ್ಥೆಗೆ ಕೈಹಾಕಿತು. ಅದನ್ನು ಮೀರಲೆಂದೇ ಪಾಕಿಸ್ತಾನ 2017ರ ಜನವರಿಯಲ್ಲಿ ಹಲವು ಸಿಡಿತಲೆಯ 'ಅಬಾಬೀಲ್' ಕ್ಷಿಪಣಿ ಪರೀಕ್ಷಿಸಿತು. ಚೀನಾವನ್ನು ನೋಡಿ ನಾವು ದಿವ್ಯಾಸ್ತ್ರ ಮಾಡಿದರೂ ಅದನ್ನು ಇಸ್ಲಾಮಾಬಾದ್ ಕೂಡ ಲೆಕ್ಕ ಹಾಕುತ್ತದೆ.

ಅಪಘಾತದ ಮಾತು ಇನ್ನೂ ಗಂಭೀರ. 2022ರ ಮಾರ್ಚ್ 9ರಂದು ನಮ್ಮದೇ ಒಂದು ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು. ಸಿಡಿತಲೆ ಮತ್ತು ಕ್ಷಿಪಣಿಯನ್ನು ಬೇರೆ ಬೇರೆ ಇಡುವುದು ಭಾರತದ ರೂಢಿ ಎಂದು ತಜ್ಞರು ಹೇಳುತ್ತ ಬಂದಿದ್ದಾರೆ. ಕ್ಯಾನಿಸ್ಟರಿನಲ್ಲಿ, ಅಂದರೆ ಮೊಹರು ಮಾಡಿದ ಕೊಳವೆಯಲ್ಲಿ, ಮುಚ್ಚಿಟ್ಟ ಅಗ್ನಿ-5 ಸಿದ್ಧವಾಗಿ ನಿಲ್ಲುವ ಅಸ್ತ್ರ. ಸಿಡಿತಲೆಯನ್ನು ಬೇರೆ ಇಡುವ ಆ ರೂಢಿ ಉಳಿಯುವುದು ಕಷ್ಟ.

ಇಷ್ಟೆಲ್ಲ ಮಾಡಿಯೂ ಏನು ತಡೆದೆವು? 1998ರ ಅಣು ಪರೀಕ್ಷೆಯ ಮರುವರ್ಷವೇ ಕಾರ್ಗಿಲ್ ನಡೆಯಿತು. 2020ರಲ್ಲಿ ಚೀನಾ ಜೊತೆಗಿನ ಗಾಲ್ವಾನ್ ಘರ್ಷಣೆಯಲ್ಲಿ ನಮ್ಮ 20 ಯೋಧರು ಸತ್ತಾಗ ಅಗ್ನಿ-5 ಎಂಟು ವರ್ಷ ಹಳೆಯದು.

ನೆಲ ಕಳೆದುಕೊಳ್ಳುವವರನ್ನೂ ನೆನೆಯಬೇಕು. 1980ರ ದಶಕದಲ್ಲಿ ಒಡಿಶಾದ ಬಲಿಯಾಪಾಲದಲ್ಲಿ ಪರೀಕ್ಷಾ ನೆಲೆಗೆ ಭೂಮಿ ಕೇಳಿದಾಗ, ವೀಳ್ಯದೆಲೆ ಬೆಳೆಯುವ ರೈತರು ಊರ ದಾರಿಗೆ ಅಡ್ಡಗಟ್ಟಿ ಅಧಿಕಾರಿಗಳನ್ನು ಒಳಗೆ ಬಿಡಲಿಲ್ಲ. ಅಲ್ಲಿ ನೆಲೆ ಆಗಲೇ ಇಲ್ಲ.

ಮೊದಲು ಸರ್ಕಾರ, ಶಾಂತಿಕಾಲದಲ್ಲಿ ಸಿಡಿತಲೆಗಳನ್ನು ಬೇರೆಯಾಗಿಯೇ ಇಡುತ್ತೇವೆ ಎಂದು ಸಂಸತ್ತಿನಲ್ಲಿ ಹೇಳಲಿ. ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸುವ 2005ರ ಭಾರತ-ಪಾಕ್ ಒಪ್ಪಂದಕ್ಕೆ ಬ್ರಹ್ಮೋಸ್‌ನಂಥ, ವಿಮಾನದ ಹಾಗೆ ಹಾರುವ ಕ್ರೂಸ್ ಕ್ಷಿಪಣಿಗಳೂ ಸೇರಲಿ. ಚೀನಾ ಜೊತೆಗೂ ಅಂಥದ್ದೊಂದು ಒಪ್ಪಂದಕ್ಕೆ ಮಾತುಕತೆ ಶುರುವಾಗಲಿ.